ಬಾಯಿ ಬಿಡಿಸಿದ ಮೌನಪ್ಪಯ್ಯ

ಕೃಷ್ಣೆಯ ದಂಡೆಯ ತಿಂಥಣಿಯ ಮೌನಪ್ಪಯ್ಯನನ್ನು ನಂಬಿದ ಅಕ್ಕತಂಗಿಯರಿಗೆ ರಂಗಂಪೇಟೆಯಿಂದ ಶರಣು. ನಾಚಿಕೆಯ ಸಂಗತಿಯೊಂದನ್ನು ನಾಚದೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರು ನಾರಾಯಣಪುರ ಡ್ಯಾಮಿನ ನೌಕರಿಯಿಂದ ನಿವೃತ್ತರಾದರು. ಮಳೆಗಾಲವೆಲ್ಲ ಗೇಟು ಕಾಯುತ್ತ ಕಳೆದ ಮನುಷ್ಯ, ಎಲ್ಲಿಗೂ ಹೋದವರಲ್ಲ. ಈಗ ಅವರಿಗೆ ಕಾಶಿಯದೇ ಧ್ಯಾನ.

"ಯಾದಗಿರಿಯಾಗ ರೈಲು ಹತ್ತೋಣ. ಹರಿದ್ವಾರನೂ ನೋಡ್ಕೊಂಡು ಬರೋಣ."

"ನಾ ಎಲ್ಲಿಗೂ ಬರಂಗಿಲ್ರಿ. ನೀವು ಹೋಗಿಬರ್ರಿ."

ಮನೆ ಬಿಟ್ಟಿರಲಾರೆ ಎಂದು ನೆಪ ಹೇಳಿದೆ. ನಿಜವೆಂದರೆ ಕೆಲವು ವರ್ಷಗಳಿಂದ ನನಗೆ ಒಳಗೆ ಏನೋ ಕೆಳಗೆ ಜಾರಿದಂತಿತ್ತು. ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆ. ಬಟ್ಟೆ ಮಡಚಿ ಇಟ್ಟುಕೊಳ್ಳದೆ ಪಕ್ಕದ ಮನೆಗೂ ಹೋಗುತ್ತಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಅಂಥವಳು ಮಂದಿ ತುಂಬಿದ ರೈಲಿನಲ್ಲಿ ಕಾಶಿಗೆ ಹೇಗೆ ಹೋಗಲಿ?

"ನನ್ನ ಜೋಡಿ ಬರಾಕ ನಿನಗ ಮನಸ್ಸಿಲ್ಲ," ಎಂದು ಅವರು ನೊಂದುಕೊಂಡರು. ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೂ ನನ್ನ ಮುಖ ನೋಡುತ್ತಿರಲಿಲ್ಲ. ದಿನಾ ಮೌನಪ್ಪಯ್ಯನಿಗೆ ದೀಪ ಹಚ್ಚುವಾಗ, "ಅಪ್ಪಾ, ಇವರ ತಲಿಯಿಂದ ಕಾಶಿ ತೆಗಿ," ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಅಮಾವಾಸ್ಯೆ, "ತಿಂಥಣಿಗಾದರೂ ಬಾ," ಎಂದರು. ಹತ್ತಿರದ ದಾರಿಯೆಂದು ಧೈರ್ಯ ಮಾಡಿದೆ. ಬೆಳಗಿನಿಂದ ಹನಿ ನೀರು ಕುಡಿಯದೆ ಸುರಪುರದಲ್ಲಿ ಬಸ್ಸು ಹತ್ತಿದೆ. ದೇವಾಪುರ ದಾಟಿದ ಮೇಲೆ ಬಸ್ಸು ತಗ್ಗಿಗೆ ಬಿದ್ದು ಎಗರಿತು. ನನಗೆ ತಡೆಯಲಾಗಲಿಲ್ಲ.

"ಯವ್ವಾ, ತಿಂಥಣಿ ಬಂತು, ಇಳೀರಿ," ಎಂದ ಕಂಡಕ್ಟರ್. ಏಳಲಿಲ್ಲ. ಮುಂದೆ ಇಳಿಯಲು ಹೋಗಿದ್ದ ಮನೆಯವರು ತಿರುಗಿ ಬಂದು ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿ, ಕೈ ಹಿಡಿದು ಇಳಿಸಿ, ಗುಡಿಗಲ್ಲ, ನೇರ ಹೊಳೆಗೆ ಕರೆದುಕೊಂಡು ಹೋದರು.

"ನೀರಾಗ ಕುಂದ್ರು. ಇಲ್ಲಿ ಎಲ್ಲಾರೂ ತೊಯ್ಸಿಕೊಂಡೇ ಗುಡಿಗಿ ಹೋಗ್ತಾರ. ಯಾರಿಗೂ ತಿಳಿಯಂಗಿಲ್ಲ."

ಕೃಷ್ಣೆಯಲ್ಲಿ ಕೂತು ನಾನು ಎಲ್ಲವನ್ನೂ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡರು. "ನನ್ನ ಮ್ಯಾಲೆ ಬ್ಯಾಸರಾಗ್ಯದ ಅಂತ ತಿಳ್ಕೊಂಡಿದ್ನಲ್ಲ," ಎಂದರು. ಆಮೇಲೆ ಒದ್ದೆ ಸೀರೆಯಲ್ಲೇ ಗುಡಿಗೆ ಹೋಗಿ ಅಪ್ಪನ ಮುಂದೆ ನಿಂತೆ. ಬೇಡಿಕೊಳ್ಳಲು ಏನೂ ತೋಚಲಿಲ್ಲ, ಅತ್ತುಬಿಟ್ಟೆ.

ಅದೇ ವಾರ ಯಾದಗಿರಿಗೆ ಹೋದೆವು. ದವಾಖಾನೆಯ ಡಾಕ್ಟರಮ್ಮ ನೋಡಿ, "ಗರ್ಭಕೋಶ ಜಾರ್ಯದ. ಭಾಳ ಹೆಣ್ಮಕ್ಕಳಿಗೆ ಆಗ್ತದಮ್ಮಾ, ಯಾರೂ ಹೇಳಂಗಿಲ್ಲ. ಆಪರೇಷನ್ ಮಾಡಿದ್ರ ಆರಾಮ ಆಗ್ತದ," ಎಂದರು. ಹಾಗೆಯೇ ಆಯಿತು. ಭಾರ ಎತ್ತಬೇಡ ಎಂದಿದ್ದರು. ನೀರಿನ ಕೊಡವನ್ನು ಮನೆಯವರೇ ಹೊತ್ತರು. ಓಣಿಯವರು ನಕ್ಕರೂ ಬಿಡಲಿಲ್ಲ.

ಮೈ ಸುಧಾರಿಸಿದ ಮೇಲೆ ಒಂದು ದಿನ ಕೇಳಿದರು, "ಈಗರ ಕಾಶಿಗಿ ಬರ್ತೀಯೇನು?"

ಎಲ್ಲಿಗೆ ಹೋಗಬೇಕೆಂದು ನನ್ನ ಮನಸ್ಸನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

"ಮೊದಲು ಗೋಕರ್ಣಕ್ಕ ಹೋಗೋಣ್ರಿ," ಎಂದೆ. "ನಾ ಸಮುದ್ರ ನೋಡಿಲ್ಲ."

ಕಾಶಿಯೇ ಮೊದಲು ಎಂದು ಅವರ ಹಟ. ಈ ಜಗಳ ಇನ್ನೂ ಮುಗಿದಿಲ್ಲ, ಆದರೆ ಊಟದ ಹೊತ್ತಿಗೆ ಮನೆ ತುಂಬ ಮಾತು. ಅವರ ತಲೆಯಿಂದ ಕಾಶಿ ತೆಗೆ ಎಂದು ಬೇಡಿದ್ದೆ. ಅಪ್ಪ ಅದನ್ನು ನಡೆಸಿಕೊಡಲಿಲ್ಲ, ಅವನ ಪಾದಕ್ಕೆ ಕೋಟಿ ಶರಣು. ತಂಗಿಯರೇ, ದೇವರಿಗೆ ಹೇಳಿಕೊಂಡದ್ದನ್ನು ಮನೆಯಲ್ಲೂ ಹೇಳಿರಿ, ಡಾಕ್ಟರಿಗೂ ಹೇಳಿರಿ.

ಬರುವ ಅಮಾವಾಸ್ಯೆಗೆ ಮತ್ತೆ ತಿಂಥಣಿಗೆ ಹೊರಟಿದ್ದೇವೆ. ಕಿಟಕಿ ಕಡೆಯ ಸೀಟು ನನಗೇ ಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.