ಬೆಂಕಿಪೊಟ್ಟಣದೊಳಗೆ ಒಂದು ಸುತ್ತು

ನನ್ನ ಚಿಕ್ಕಮ್ಮನಿಗೆ ಬೆಂಕಿಪೊಟ್ಟಣ ಎಂದು ಹೆಸರು ಬಿದ್ದದ್ದು ಅವಳ ಸಿಟ್ಟಿನಿಂದ. ಸುಮ್ಮನೆ ಗೀರಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತಾಳೆ. ಅಷ್ಟೇ ಬೇಗ ಆರುತ್ತಾಳೆ ಅನ್ನಿ. ಅವಳನ್ನು ಕೇಳಿದರೆ ಮಾತ್ರ ಆ ಹೆಸರು ಬಂದದ್ದು ತನ್ನ ಕೆಲಸದಿಂದ ಅನ್ನುತ್ತಾಳೆ. ಅದೂ ಪೂರ್ತಿ ಸುಳ್ಳಲ್ಲ.

ಚಿಕ್ಕಮ್ಮ ಮನೆಗಾಡಿ ರಿಪೇರಿ ಮಾಡುವವಳು. ಮನೆಗಾಡಿ ಎಂದರೆ ಬಸ್ಸಿನಂಥ ಗಾಡಿಯೊಳಗೇ ಒಲೆ, ಮಂಚ, ಬಚ್ಚಲು. ರಸ್ತೆಯಲ್ಲಿ ಹೋಗುವಾಗ ಸಪೂರ. ಎಲ್ಲಾದರೂ ನಿಲ್ಲಿಸಿ ಗುಂಡಿ ಒತ್ತಿದರೆ, ಒಂದು ಪಕ್ಕದ ಗೋಡೆ ಸೋಫಾ, ಕಿಟಕಿ ಸಮೇತ ಹೊರಕ್ಕೆ ಸರಿದು ಒಳಗೆ ದೊಡ್ಡ ಕೋಣೆಯೇ ಆಗಿಬಿಡುತ್ತದೆ. ಗ್ಯಾರೇಜಿನಲ್ಲಿ ಆ ಜಾರುವ ಕೋಣೆಗಳೆಲ್ಲ ಅವಳ ಪಾಲು. ಹೇಗೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಜೇಬಿನಿಂದ ಖಾಲಿ ಬೆಂಕಿಪೊಟ್ಟಣ ಹೊರಬರುತ್ತದೆ. (ಖಾಲಿ ಯಾಕೆಂದರೆ, ಮಗು ಇರುವ ಮನೆಗೆ ಕಡ್ಡಿ ತರಕೂಡದು ಎಂದು ನನ್ನ ಅಪ್ಪಣೆ.)

"ನೋಡಿ, ಹೊರಗಿನದು ಗಾಡಿ, ಒಳಗಿನದು ಕೋಣೆ, ನನ್ನ ಬೆರಳು ಮೋಟಾರು. ಕೆಳಗೆ ಎರಡು ಕಂಬಿ, ಕಂಬಿಗೆ ಹಲ್ಲು. ಆ ಹಲ್ಲಿಗೆ ಗಾಲಿಯ ಹಲ್ಲು ಕಚ್ಚಿಕೊಂಡು ತಿರುಗಿದರೆ ಕೋಣೆ ಜರುಗುತ್ತೆ. ಎರಡು ಕಡೆಯೂ ಸಮಸಮ ಹೋಗಬೇಕು. ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಉಳೀತೋ..." ಎಂದು ಪೊಟ್ಟಣವನ್ನು ಓರೆಯಾಗಿ ತಳ್ಳಿ ಸಿಕ್ಕಿಸಿ, "ಥೇಟ್ ಗಂಡ ಹೆಂಡ್ತಿ! ಅದಕ್ಕೇ ನಾನು ಮದುವೆ ಗೋಜಿಗೆ ಹೋಗಲಿಲ್ಲ" ಅನ್ನುತ್ತಾಳೆ.

ಗ್ಯಾರೇಜಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಕೂತಿದ್ದ ಮನೆಗಾಡಿಯೊಂದನ್ನು ಅವಳು ರಜಾದಿನಗಳಲ್ಲೆಲ್ಲ ಬಿಚ್ಚಿ ಜೋಡಿಸಿದ್ದು ತನಗಾಗಿ ಅಲ್ಲ, ಅಜ್ಜಿಗಾಗಿ. ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ ಅಜ್ಜಿ ಹೊಸ್ತಿಲು ದಾಟಿಲ್ಲ. ನಮ್ಮ ಮನೆಯ ಓಣಿಯಂಥ ಕೋಣೆಗಳಲ್ಲಿ ಕುರ್ಚಿ ತಿರುಗುವುದಿಲ್ಲ. ಅಡುಗೆಮನೆಗೆ ಮುಂದಕ್ಕೆ ಹೋದರೆ ಹಿಂದಕ್ಕೇ ಬರಬೇಕು. ತನಗೆ ತಾನೇ 'ರಿವರ್ಸ್ ಗೇರು' ಎಂದು ಹೆಸರಿಟ್ಟುಕೊಂಡಿದ್ದಾಳೆ. ಸಮುದ್ರ ನೋಡೋಕೆ ಹೋಗೋಣ ಅಂದಾಗ ಅವಳದು ಒಂದೇ ಷರತ್ತು.

"ಗೋಡೆ ತಾಗದ ಹಾಗೆ ಆ ಗಾಡಿಯೊಳಗೆ ಈ ಕುರ್ಚೀನ ಒಂದು ಸುತ್ತು ತಿರುಗಿಸಿ ತೋರಿಸು, ಬರ್ತೀನಿ. ಇಲ್ಲಾಂದ್ರೆ ನೀವೇ ಹೋಗಿಬನ್ನಿ. ಸಮುದ್ರಕ್ಕೂ ಹಿಂದುಮುಂದಾಗಿ ಹೋಗೋಳಲ್ಲ ನಾನು."

ಇವತ್ತು ಬೆಳಿಗ್ಗೆ ಗಾಡಿ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಹಲಗೆ ಇಟ್ಟು, ನಮ್ಮವರು ಹಿಂದಿನಿಂದ ತಳ್ಳಿ, ಅಜ್ಜಿಯನ್ನು ಒಳಗೆ ಹತ್ತಿಸಿ ಡ್ರೈವರ್ ಸೀಟಿನ ಪಕ್ಕ ನಿಲ್ಲಿಸಿದೆವು. ಗಾಡಿ ಮಟ್ಟವಾಗಿ ನಿಂತಿದೆಯೋ ಇಲ್ಲವೋ ನೋಡಲು ಚಿಕ್ಕಮ್ಮ ನನ್ನ ಮಗಳ ಚೆಂಡನ್ನು ನೆಲಕ್ಕಿಟ್ಟಳು. ಅದು ಉರುಳುತ್ತಾ ನಮ್ಮವರ ಕಾಲಿಗೆ ಬಂತು.

"ಅಳಿಯಂದ್ರೇ, ನಿಮ್ಮ ಕಡೇನೇ ವಾಲಿದೆ. ಒಂಚೂರು ಊಟ ಕಮ್ಮಿ ಮಾಡಿ!"

"ಜಾಕ್ ಏರಿಸಿ ಚಿಕ್ಕಮ್ಮ, ನನ್ನ ಹೊಟ್ಟೆ ಯಾಕೆ ಇಳಿಸ್ತೀರಿ?"

ಜಾಕ್ ಏರಿಸಿದ ಮೇಲೆ ಚೆಂಡು ನಿಂತಿತು. ನಾನು ಹೊರಗೆ ಓಡಿ ಗಾಡಿಯ ಗೋಡೆಗೂ ಬೀದಿಯ ಮರಕ್ಕೂ ನಡುವೆ ಅಡ್ಡಿಯಿಲ್ಲ ಎಂದು ಕೂಗಿ, ಮತ್ತೆ ಓಡಿಬಂದು ಮಗಳನ್ನು ಸೊಂಟಕ್ಕೇರಿಸಿಕೊಂಡೆ. ನಿಂತಲ್ಲಿ ನಿಲ್ಲದ ಅವಳನ್ನು ಮನೆಯಲ್ಲಿ ಬುಗುರಿ ಅಂತಲೇ ಕರೆಯುವುದು. ಚಿಕ್ಕಮ್ಮ ಗುಂಡಿ ಒತ್ತಿದಳು.

ಗುಂಯ್ ಎಂದಿತು. ಸೋಫಾ ನಮ್ಮಿಂದ ದೂರ ಹೊರಟಿತು. "ಮನೆ ಓಡೋಗ್ತಿದೆ!" ಎಂದು ಬುಗುರಿ ಕಿರುಚಿದಳು. ಇನ್ನೂ ಗೇಣು ದೂರ ಹೋಗಿರಲಿಲ್ಲ, ಗುಂಯ್ ಹೋಗಿ ಕರ್ರ್ ಆಯಿತು. ಎಡತುದಿ ಮುಂದೆ, ಬಲತುದಿ ನಿಂತಲ್ಲೇ. ಚಿಕ್ಕಮ್ಮ ಸರಕ್ಕನೆ ಬೆರಳು ತೆಗೆದಳು.

ಆಮೇಲೆ ಅವಳ ಬಾಯಿಂದ ಬಂದದ್ದನ್ನು ಮಗಳು ದೊಡ್ಡವಳಾದ ಮೇಲೆ ಓದಬಹುದಾದ ಈ ಡೈರಿಯಲ್ಲಿ ಬರೆಯಲಾರೆ. ಮೋಟಾರಿಗೆ ಬೈದಳು, ಕಂಬಿಗೆ ಬೈದಳು, ಗಾಡಿ ಮಾಡಿದವರ ಅಜ್ಜನಿಗೂ ಬೈದಳು. ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಎದ್ದು ಕೂತಾಗ ಮುಖ ಬಾಡಿತ್ತು.

"ಬಿಡಮ್ಮಾ," ಅಂದಳು ಮೆಲ್ಲಗೆ. "ನಿನ್ನ ಮನೆಗೆ ವಾಪಸ್ ಇಳಿಸ್ತೀನಿ."

ಬೆಂಕಿಪೊಟ್ಟಣ ಇಷ್ಟು ತಣ್ಣಗೆ ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ.

ಅಜ್ಜಿ ಮಾತ್ರ ಬಲಗಡೆಯನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಏನೇ, ನಿನ್ನ ಆ ಕೊಳಕು ಕೋಟು ಯಾವ ಮೊಳೆಗೆ ನೇತಾಡ್ತಿದೆ?"

"ಈಗ ಕೋಟಿನ ಚಿಂತೆನಾ ನಿಂಗೆ?"

"ಚಿಕ್ಕಂದಿನಿಂದ ಬಾಯಿ ಬಡ್ಕೊಂಡೆ, ಬಟ್ಟೆ ಕಂಡಕಂಡಲ್ಲಿ ನೇತುಹಾಕಬೇಡ ಅಂತ. ಅಲ್ಲಿ ಮೊಳೆ ಎಲ್ಲಿದೆ, ತೋರಿಸು!"

ಚಿಕ್ಕಮ್ಮ ಕೋಟು ಎತ್ತಿದಳು. ಅದರಡಿ ಒಂದು ಕಬ್ಬಿಣದ ಸಲಾಕೆ. ದಾರಿಯಲ್ಲಿ ಕೋಣೆ ಜಾರದಿರಲಿ ಎಂದು ಎರಡೂ ಕಡೆ ಹಾಕುವ ಅಗುಳಿ. ಎಡಗಡೆಯದನ್ನು ತೆಗೆದಿದ್ದಳು. ಬಲಗಡೆಯದಕ್ಕೆ ಕೋಟು ಹಾಕಿ ಮರೆತಿದ್ದಳು! "ಮೊದಲು ಅಗುಳಿ, ಆಮೇಲೆ ಗುಂಡಿ" ಎಂದು ಗ್ಯಾರೇಜಿನವರಿಗೆಲ್ಲ ದಿನಾ ಪಾಠ ಹೇಳುವವಳು ಇವಳೇ.

ಮೊದಲು ನಕ್ಕವಳು ಚಿಕ್ಕಮ್ಮನೇ. ನಕ್ಕೂ ನಕ್ಕೂ ನೆಲಕ್ಕೆ ಕುಸಿದಳು. ಅವಳನ್ನು ನೋಡಿ ನಾನು, ನನ್ನನ್ನು ನೋಡಿ ನಮ್ಮವರು. ಅಜ್ಜಿಯ ಹಲ್ಲುಸೆಟ್ಟು ಜಾರಿ ಮಡಿಲಿಗೆ ಬಿತ್ತು.

ಓರೆಯಾದದ್ದನ್ನು ಒಳಗೆಳೆದು ನೇರ ಮಾಡಿ, ಸಲಾಕೆ ತೆಗೆದು ಮತ್ತೆ ಗುಂಡಿ ಒತ್ತಿದರೆ, ಕೊನೆಯವರೆಗೂ ಗುಂಯ್! ಆಮೇಲೆ ರಬ್ಬರು ಅಂಚು ಕೂತ ಮೆತ್ತಗಿನ ಶಬ್ದ. ಕಿಟಕಿಯ ಬಿಸಿಲು ನೆಲಕ್ಕೆಲ್ಲ ಹರಡಿತು.

ಅಜ್ಜಿ ನಡುವಿಗೆ ಬಂದಳು. ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಕಾಲಿನ ಹಲಗೆ ಸೋಫಾದ ಹತ್ತಿರ ಹೋಯಿತು, ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ತಾಗಲಿಲ್ಲ. ಪೂರ್ತಿ ಒಂದು ಸುತ್ತು.

"ಮಗೂನ ಕೊಡೇ ಇಲ್ಲಿ," ಅಂದಳು ಅಜ್ಜಿ. ಬುಗುರಿಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಸುತ್ತು, ಮತ್ತೊಂದು, ಗಿರ್ರನೆ!

"ಅಮ್ಮಾ, ಸಾಕು! ಕೋಣೆ ಒಳಗೆ ಹಾಕದೆ ಗಾಡಿ ಹೊರಡಲ್ಲ. ಸಮುದ್ರ ಬೇಡ್ವಾ?"

"ಸಮುದ್ರ ಎಲ್ಲಿಗೂ ಹೋಗಲ್ಲ. ತಡಿ, ಇನ್ನೊಂದೇ ಸುತ್ತು."

ನಾನು ಹಾಲಿನ ಬಾಟಲಿ ತೊಳೆದು ಚೀಲಕ್ಕೆ ಹಾಕಿದ್ದಾಯಿತು, ದುಪಟಿ ಮಡಿಸಿದ್ದಾಯಿತು. ಚಿಕ್ಕಮ್ಮ ಕೋಟು ತೊಟ್ಟು, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಲೇ ಇದ್ದಾಳೆ.