ಮಾತ್ರೆ ಕೊಡದ ಡಾಕ್ಟರಮ್ಮ

ಗಿರಿಜಾ ಡಾಕ್ಟರು ಯಾರಿಗೂ ಒಂದು ಮಾತ್ರೆ ಕೊಟ್ಟಿದ್ದನ್ನೂ ನಾನು ನೋಡಿಲ್ಲ ಮಕ್ಕಳೇ. ಜ್ವರ ಅಂತ ಹೋದರೆ, "ಕೆಳಗ ಕ್ಲಿನಿಕ್ ಐತಲ್ರಿ ಅಕ್ಕಾರ" ಅಂದು ಟೀ ಕೊಡುತ್ತಿದ್ದರು. ಗದಗದ ಕಡೆಯವರು. ಮೂಡಲಪಾಳ್ಯದಲ್ಲಿ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದರು. ಲೋಕದಲ್ಲಿ ಕಾಯಿಲೆ ಬೇಕಾದಷ್ಟಿವೆ, ಸಂಶೋಧನೆಗೆ ಸಿಗುವ ದುಡ್ಡು ಸ್ವಲ್ಪ; ಯಾವುದನ್ನು ಮೊದಲು ಹಿಡಿಯಬೇಕು ಎಂದು ತೀರ್ಮಾನಿಸುವ ದಾರಿ ಹುಡುಕುವುದೇ ಅವರ ಕೆಲಸ.

ಒಂದು ಮಧ್ಯಾಹ್ನ ಬೀದಿಯ ಹೆಂಗಸರನ್ನೆಲ್ಲ ಕೂರಿಸಿ, ಚಾಪೆಯ ಮೇಲೆ ಕಾಯಿಲೆಗಳ ಚಿತ್ರ ಹರಡಿದರು. ಕೈಗೆ ಹುಣಸೆ ಬೀಜ ಕೊಟ್ಟು, ಯಾವುದು ಹೆಚ್ಚು ಕಾಡುತ್ತದೋ ಅದರ ಮೇಲೆ ಹೆಚ್ಚು ಇಡಿ ಅಂದರು. ಮನೆ ಒಡತಿ ಪುಟ್ಟಮ್ಮ ಎಲ್ಲವನ್ನೂ ಸಕ್ಕರೆ ಕಾಯಿಲೆಯ ಮೇಲೆ ಸುರಿದರು. ನಾವೂ ಹಾಗೇ ಮಾಡಿದೆವು.

"ಎಲ್ಲಾರೂ ಪುಟ್ಟಮ್ಮಾರ ಹಿಂದ ಹೊಂಟ್ರಲ್ಲ! ಇದೇನ್ ಪ್ರದಕ್ಷಿಣಿ ಏನ್ರಿ?" ಎಂದು ಡಾಕ್ಟರು ನಕ್ಕುಬಿಟ್ಟರು.

ಮರುದಿನ ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದರು. ಚಿತ್ರಗಳ ಜೊತೆ, ಅವುಗಳಲ್ಲಿ ಇಲ್ಲದ ಕಾಯಿಲೆಗೆಂದು ಒಂದು ಖಾಲಿ ಹಾಳೆಯೂ ಇತ್ತು. ನಾನು ಬೀಜವನ್ನೆಲ್ಲ ಅದರ ಮೇಲಿಟ್ಟೆ. ಏನೆಂದು ಮೆಲ್ಲಗೆ ಕೇಳಿದರು.

"ಕೆಮ್ಮಿದ್ರೆ, ಸೀನಿದ್ರೆ, ಒಂದಕ್ಕೆ ಹೋಗ್ಬಿಡುತ್ತೆ ಮೇಡಂ. ಕೊನೇ ಹೆರಿಗೆ ಆದಾಗ್ಲಿಂದ. ಬಸ್ ಹತ್ತೋದೇ ಬಿಟ್ಟಿದೀನಿ."

ನಿಮ್ಮ ತಾತನಿಗೂ ಹೇಳಿರಲಿಲ್ಲ. ಡಾಕ್ಟರು ನನ್ನ ಕೈ ಹಿಡಿದು, "ನೀವೊಬ್ರ ಅಲ್ರಿ. ಭಾಳ ಮಂದಿ ಖಾಲಿ ಹಾಳಿ ಮ್ಯಾಲೇ ಬೀಜ ಇಟ್ಟು ಇದನ್ನ ಹೇಳ್ಯಾರ. ದಿಲ್ಲಿ ಸಭಾಕ್ಕ ಇದನ್ನ ಒಯ್ತೀನಿ" ಅಂದರು. ಇದಕ್ಕೆ ಮದ್ದು ಹುಡುಕುತ್ತಾರೆ ಎಂದು ಆವತ್ತು ನಂಬಿದೆ.

ದಿಲ್ಲಿಯಿಂದ ವಾಪಸು ಬಂದ ದಿನ ಡಾಕ್ಟರು ಮೇಲೆ ಹತ್ತಲಾರದೆ ನಮ್ಮ ಮೆಟ್ಟಿಲ ಮೇಲೆ ಬ್ಯಾಗಿನ ಸಮೇತ ಕೂತರು. ಅಲ್ಲಿ ದೊಡ್ಡ ಡಾಕ್ಟರುಗಳು ಕಾಯಿಲೆಗಳಿಗೆ ಅಂಕ ಹಾಕುತ್ತಾರಂತೆ, ಹೆಚ್ಚು ಅಂಕ ಬಿದ್ದದ್ದಕ್ಕೆ ಮೊದಲು ದುಡ್ಡಂತೆ.

"ಇದರಿಂದ ಯಾರೂ ಸಾಯಂಗಿಲ್ಲ ಅಂದ್ರು ಅಕ್ಕಾರ. ಅಂಕ ಕಡಿಮಿ ಬಿತ್ತು."

ಸೊಪ್ಪು ಬಿಡಿಸುತ್ತಿದ್ದ ಪುಟ್ಟಮ್ಮ ತಲೆ ಎತ್ತಿದರು. "ಸಾಯಲ್ಲ ಸರಿ ಡಾಕ್ಟ್ರಮ್ಮ. ಮೊಮ್ಮಗೂನ ಎತ್ಕೊಂಡ್ರೆ ಸೀರೆ ಒದ್ದೆ ಆಗುತ್ತಲ್ಲ, ಅದಕ್ಕೆಷ್ಟು ಅಂಕ ಅಂತೆ?"

ಪುಟ್ಟಮ್ಮನಿಗೂ ಇತ್ತೆಂದು ನಮಗೆ ತಿಳಿದದ್ದು ಆಗಲೇ. ಡಾಕ್ಟರು ಮುಖ ಒರೆಸಿಕೊಂಡರು. "ಮುಂದಿನ ಸಭಾಕ್ಕೂ ಒಯ್ತೀನ್ರಿ. ಹೇಳಿ ಹೇಳಿ ಸಾಕಾಗೇತಿ, ಆದ್ರೂ ಒಯ್ತೀನಿ."

ಆ ವರ್ಷವೇ ಕೆಲಸ ಬದಲಾಗಿ ಊರು ಬಿಟ್ಟರು. ಆ ಕಾಯಿಲೆಯ ಸರದಿ ಬಂತೋ ಇಲ್ಲವೋ, ನಮ್ಮ ಬೀದಿಗೆ ಬಂದು ಹೇಳಿದವರಿಲ್ಲ. ಪುಟ್ಟಮ್ಮ ತೀರಿಕೊಂಡರು. ನನ್ನದು ಇನ್ನೂ ಹಾಗೇ ಇದೆ. ಮದುವೆಮನೆಯಲ್ಲಿ ಅಜ್ಜಿ ಯಾಕೆ ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ ಅಂತ ಕೇಳುತ್ತೀರಲ್ಲ, ಅದಕ್ಕೇ.