ಮುಚ್ಚಿದ್ದ ಮೂರು ವಾರ

ಟೋಕಿಯೊದ ಒಂದು ಫ್ರೆಂಚ್ ವಿಡಿಯೊ ಗೇಮ್ ಕಂಪನಿಯ ಶಾಖೆಯಲ್ಲಿ ನನ್ನದು ಗೇಮ್‌ಗಳಲ್ಲಿ ತಪ್ಪು ಹುಡುಕುವ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತೇನೆಂದು ಹೆಂಡತಿಯ ದೂರು.

2011ರಲ್ಲಿ ಭೂಕಂಪವಾಗಿ ಅಣುಸ್ಥಾವರ ಸಿಡಿದ ವಾರವೇ ಅವಳನ್ನೂ ಮಗಳನ್ನೂ ಬೆಂಗಳೂರಿಗೆ ಕಳಿಸಿದೆ. ಭಾರತೀಯರೇ ಹೆಚ್ಚಿದ್ದ ನಿಶಿ ಕಸಾಯಿ ಬಡಾವಣೆಯ ನಮ್ಮ ಕಟ್ಟಡ ಖಾಲಿಯಾಗಿ, ಒಗ್ಗರಣೆಯ ವಾಸನೆಯೇ ನಿಂತುಹೋಯಿತು. ಯಾರೂ ಆಫೀಸಿಗೆ ಬರಕೂಡದೆಂದು ಪ್ಯಾರಿಸ್ಸಿನ ಮುಖ್ಯ ಕಚೇರಿಯಿಂದ ಆದೇಶ ಬಂದಿತ್ತು. ಆದರೂ ಹೋದೆ. ಧೈರ್ಯವಲ್ಲ, ಖಾಲಿ ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಅಲ್ಲಿ ಇನ್ನೊಬ್ಬರಿದ್ದರು. ಆಟಗಾರರ ಪತ್ರಗಳಿಗೆ ಉತ್ತರ ಬರೆಯುವ, ಐವತ್ತು ದಾಟಿದ ಜಪಾನಿ ಹೆಂಗಸು. ಸುನಾಮಿಗೆ ಸಿಕ್ಕ ಈಶಾನ್ಯ ಜಪಾನಿನ ಊರುಗಳಿಂದ ತಾಯ್ತಂದೆಯರು ಅವರಿಗೆ ಬರೆಯುತ್ತಿದ್ದರು: ಮನೆ ನೀರಿನಲ್ಲಿ ಹೋಯಿತು, ಮಗು ಆಡಿದ ಆಟವಾದರೂ ನಿಮ್ಮಲ್ಲಿ ಉಳಿದಿದೆಯೇ? ಅವರು ಓದಿ ಹೇಳುತ್ತಿದ್ದರು, ನಾನು ಕಂಪನಿಯ ಸರ್ವರ್‌ನಲ್ಲಿ ಹುಡುಕಿ, ಉಳಿದಿದ್ದ ಆಟದ ದಾಖಲೆಯನ್ನು ಮರಳಿಸುತ್ತಿದ್ದೆ. ವಿದ್ಯುತ್ ಉಳಿಸಬೇಕಾಗಿ ಹೀಟರ್ ಹಾಕುವಂತಿರಲಿಲ್ಲ. ಕೋಟು ಹಾಕಿಕೊಂಡೇ ನನ್ನ ಚಿತ್ರಾನ್ನವನ್ನು ಹಂಚಿಕೊಂಡು ತಿನ್ನುತ್ತಿದ್ದೆವು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಬೇಡ ಎನ್ನುತ್ತಿರಲಿಲ್ಲ.

ಸಂಜೆ ಪ್ಯಾರಿಸ್ಸಿಗೆ ಒಂದು ಫಾರಂ ಕಳಿಸಬೇಕಿತ್ತು. ಶಾಖೆ ತೆರೆದಿದೆಯೇ? ಹೌದೆಂದರೆ ಇಬ್ಬರಿಗೂ ಬೈದು ಮನೆಗೆ ಕಳಿಸುತ್ತಿದ್ದರು, ಪತ್ರಗಳಿಗೆ ಉತ್ತರವೂ ಇಲ್ಲ. ಮೂರು ವಾರ, ಕೆಲಸದ ಹದಿನೈದು ದಿನ, ಹದಿನೈದು ಸಲ ‘ಇಲ್ಲ’ ಎಂದು ಗುರುತು ಹಾಕಿದೆ.

ಕೆಲವು ವರ್ಷಗಳ ಮೇಲೆ ಕಂಪನಿ ತನ್ನ ಇತಿಹಾಸವನ್ನು ಪುಸ್ತಕ ಮಾಡಲು ಹೊರಟಿತು. ಎರಡು ಕೋಣೆಯಲ್ಲಿ ಶುರುವಾದದ್ದು, ಯಾವ ಸ್ಟುಡಿಯೊ ಕೊಂಡದ್ದು, ಯಾವುದನ್ನು ಮಾರಿದ್ದು, ಎಲ್ಲ ಇತ್ತು. ಟೋಕಿಯೊದ ಪುಟಗಳು ತಪ್ಪು ನೋಡಲು ನನ್ನ ಬಳಿಗೇ ಬಂದವು. ‘ಭೂಕಂಪದ ನಂತರ ಶಾಖೆ ಮೂರು ವಾರ ಮುಚ್ಚಿತ್ತು.’

ನನಗೆ ಮೈಯೆಲ್ಲ ಉರಿಯಿತು. ಆ ಹೆಂಗಸು ಆ ತಿಂಗಳೇ ನಿವೃತ್ತರಾಗುವವರಿದ್ದರು. ಅವರ ಕೆಲಸ ಒಂದು ಸಾಲಾದರೂ ಅಚ್ಚಾಗಬೇಕೆಂದು ಪ್ಯಾರಿಸ್ಸಿಗೆ ಖಾರವಾಗಿ ಬರೆದೆ. ತುಂಬ ವಿನಯದ ಉತ್ತರ ಬಂತು, ಜೊತೆಗೆ ನನ್ನದೇ ಸಹಿಯ ಹದಿನೈದು ಫಾರಂಗಳು. ಸುಳ್ಳು ಬರೆದೆನೆಂದು ಒಪ್ಪಿಕೊಂಡರೆ ಮಾತ್ರ ಸಾಲು ಬದಲಾಗುತ್ತಿತ್ತು.

ಒಪ್ಪಿಕೊಳ್ಳುತ್ತೇನೆಂದು ಅವರ ಮೇಜಿನ ಬಳಿ ಹೋಗಿ ಹೇಳಿದೆ. ಅವರು ಫಾರಂಗಳನ್ನು ಒಂದೊಂದಾಗಿ ನೋಡಿ, ಜೋಡಿಸಿ ನನ್ನ ಕೈಗೇ ಕೊಟ್ಟರು.

“ಮುಚ್ಚಿತ್ತು ಅಂತಾನೇ ಇರ್ಲಿ. ನಿಮಗೆ ಇನ್ನೂ ಇಲ್ಲಿ ಕೆಲ್ಸ ಇದೆ.”

ಅವರು ನಿವೃತ್ತರಾಗಿ ಹೋದ ಮೇಲೆ ಆ ಮೂರು ವಾರದ ಮಾತು ತೆಗೆಯಲು ನನಗೆ ಯಾರೂ ಉಳಿಯಲಿಲ್ಲ. ಮನೆಯವರಿಗೆ ಹೇಳಿದರೆ ಅದು ಬರೀ ಕಥೆ. ಪುಟಗಳ ಜೊತೆ ಬಂದಿದ್ದ ಚೀಟಿಯಲ್ಲಿ ತಪ್ಪುಗಳಿವೆಯೇ ಎಂದು ಕೇಳಿದ್ದರು. ಹದಿನಾರನೆಯ ಸಲ ‘ಇಲ್ಲ’ ಎಂದು ಗುರುತು ಹಾಕಿ ಕಳಿಸಿದೆ.